ಗುಳಿಗೆ ಆಡಿದ ಮಾತು

ಆ ಹುಡುಗಿಯ ಹೆಸರಿಗಿಂತ ಮೊದಲು ಸುಗಂಧಕ್ಕನ ಕಿವಿಗೆ ಬಿದ್ದದ್ದು ಅವಳ ರೋಗದ ಹೆಸರು.

ಕಾರವಾರದ ಹಬ್ಬುವಾಡದ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಕೂತು ಸುಗಂಧಕ್ಕ ಬಂಗಡೆ ಕೊಯ್ಯುತ್ತಿದ್ದಳು. ಒಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಹೀಗೆ ಬಿಡದೆ ಬಡಿಯುವವಳು ತೋಡೂರಿನ ತಂಗಿ ಲಲಿತಾ ಒಬ್ಬಳೇ ಎಂದು ಗೊತ್ತಿದ್ದುದರಿಂದ, ಮೀನಿನ ಕೈಯಲ್ಲೇ ಹೋಗಿ ಬೆರಳ ಗೆಣ್ಣಿನಿಂದ ಗುಂಡಿ ಒತ್ತಿ, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಅಕ್ಕಾ, ನಿತೇಶಂಗೆ ಒಂದು ಹುಡ್ಗಿ ನೋಡಿದ್ವು. ಬಾಳ ಚಲೋ ಅದೆ. ಆದ್ರೆ ಫಿಟ್ಸ್ ಅದೆಯಂತೆ."

"ಹಂಗಿದ್ರೆ ನೋಡೂಕೆ ಹೋದದ್ದು ಎಂತಕ್ಕೆ? ತೋಡೂರಲ್ಲಿ ಹೆಣ್ಣಿಗೆ ಬರಗಾಲ ಬಂತೆ?"

"ನಿತೇಶ ಅದೇ ಹುಡ್ಗಿ ಬೇಕು ಅಂತಾನೆ. ಅವ್ರೂ ಮುಚ್ಚಿಡಲಿಲ್ಲ ಅಕ್ಕಾ, ಚಾ ಕೊಡೂಕಿಂತ ಮೊದ್ಲೇ ಹೇಳಿದ್ರು. ನಾವು ದೇವಿ ಹತ್ರ ಪ್ರಸಾದ ಕೇಳಿದ್ವು. ಬಲಕ್ಕೇ ಬಿತ್ತು. ಗುನಗ ಕೇಳಿ ಬಾಯಿ ಮುಚ್ಚೂಕಿಲ್ಲ, ಹೂ ಕೆಳಗೆ!"

"ದೇವಿಗೂ ಅವಸರ ಇತ್ತೇನೋ."

"ನೀ ತಮಾಷೆ ಮಾಡ್ಬೇಡ ಮಾರಾಯ್ತಿ. ದೇವಿ ಹೂಂ ಅಂದ್ಮೇಲೆ ಆಯ್ತು."

ಆ ದೇವಿಯ ವಿಷಯ ಹೇಳಬೇಕು. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ತೋಡೂರಿನ ಕಾಲನಿಗೆ ಬರುವಾಗ ಲಲಿತಾಳ ಗಂಡನ ಊರಿನವರು ಪಾತ್ರೆ, ಪೆಟ್ಟಿಗೆ, ಬಾಗಿಲ ಚೌಕಟ್ಟುಗಳ ಜತೆಗೆ ದೇವಿಯನ್ನೂ ಕರೆದುಕೊಂಡು ಬಂದಿದ್ದರು. ಹೊಸ ಗುಡಿಯಲ್ಲೂ ಹಳೆಯ ಕ್ರಮವೇ. ಬಾವಿ ತೋಡುವುದಿರಲಿ, ಸಂಬಂಧ ಕೂಡಿಸುವುದಿರಲಿ, ಪೂಜೆಯ ಗುನಗ ಮೂರ್ತಿಯ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ, ಬಂದವರ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳುತ್ತಾನೆ. ಬಲಗಡೆಯ ಎಸಳು ಮೊದಲು ಉದುರಿದರೆ ಒಪ್ಪಿಗೆ, ಎಡಗಡೆಯದಾದರೆ ಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದ ವಿಷಯಕ್ಕೆ ದೇವಿ ಬಾಯಿ ಹಾಕುವುದಿಲ್ಲ.

ಹುಡುಗಿಯ ಹೆಸರು ದೀಕ್ಷಾ. ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಸುಂಕಸಾಳದಲ್ಲಿ ಅವಳ ಅಪ್ಪ ಬಾಬು ಒಂದು ಚಾದ ಹೋಟೆಲು ಇಟ್ಟಿದ್ದ. ಲಾರಿಯವರು ನಿಲ್ಲಿಸಿ ಮುಖ ತೊಳೆದು, ಬನ್ಸು ತಿಂದು ಹೋಗುವ ಜಾಗ. ದೀಕ್ಷಾ ಏಳನೇ ಕ್ಲಾಸಿನಲ್ಲಿದ್ದಾಗ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು. ಯಾರೋ ಕೈಗೆ ಬೀಗದ ಕೈ ತುರುಕಿದರು, ಯಾರೋ ಮೂಗಿಗೆ ಚಪ್ಪಲಿ ಹಿಡಿದರು. ಇನ್ನೊಮ್ಮೆ ಬಿದ್ದ ಮೇಲೆ ಮಾಸ್ತರರು ಬಾಬುವನ್ನು ಕರೆಸಿ, ನಮಗೆ ಈ ಜವಾಬ್ದಾರಿ ಬೇಡ ಅಂದರು. ಬಾಬು ಮಗಳನ್ನು ಹುಬ್ಬಳ್ಳಿಗೆ ಕರೆದೊಯ್ದು ಗುಳಿಗೆ ಹಿಡಿಸಿದ. ಗುಲಾಬಿ ಬಣ್ಣದ ದಪ್ಪ ಗುಳಿಗೆ. ಅದು ಹೊಟ್ಟೆಗೆ ಬಿದ್ದ ಮೇಲೆ ಅವಳು ಬೀಳುವುದು ನಿಂತಿತು. ಶಾಲೆ ಮಾತ್ರ ಮತ್ತೆ ಶುರುವಾಗಲಿಲ್ಲ. ಒಲೆಯ ಹತ್ತಿರ ಬೇಡವೆಂದು ಅಪ್ಪ ಅವಳನ್ನು ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರಿಸಿದ.

ಗಲ್ಲೆಯಲ್ಲಿ ಕೂತೇ ಅವಳು ದೊಡ್ಡವಳಾದಳು. ಯಾವ ಡ್ರೈವರನಿಗೆ ಸಕ್ಕರೆ ಇಲ್ಲದ ಚಾ, ಯಾರಿಗೆ ಶುಂಠಿ ಹಾಕಿದ್ದು, ಯಾರಿಗೆ ಲೋಟ ಬೇಡ ಕಪ್ಪೇ ಬೇಕು, ಎಲ್ಲ ಅವಳ ತಲೆಯಲ್ಲಿ. ಲಲಿತಾಳ ಮಗ ನಿತೇಶ ನೌಕಾನೆಲೆಯೊಳಗೆ ಗುತ್ತಿಗೆದಾರನ ಕೆಳಗೆ ವೈರಿಂಗ್ ಕೆಲಸ ಮಾಡುವವನು. ಸಾಮಾನು ತರಲು ಯಲ್ಲಾಪುರದ ಕಡೆ ಹೋದಾಗ ಅಲ್ಲಿ ನಿಂತಿದ್ದ. ಎಷ್ಟೋ ದಿನದ ಮೇಲೆ ಮತ್ತೆ ಹೋದರೆ, ಅವನು ಬಾಯಿ ತೆರೆಯುವ ಮೊದಲೇ ಹುಡುಗಿ ಒಳಗೆ ಕೂಗಿದಳಂತೆ: "ಅಪ್ಪಾ, ಕೆನೆ ಬೇಡ ಅಂಬವ್ರು ಬಂದ್ರು!" ಅಲ್ಲಿಗೆ ನಿತೇಶನ ಕತೆ ಮುಗಿಯಿತು.

ಮದುವೆಯಾಗಿ ಬಂದವಳನ್ನು ನೋಡಿದಾಗ ಸುಗಂಧಕ್ಕನಿಗೆ ಮೊದಲು ಕಂಡದ್ದು ಅವಳ ನಗು. ಗುಳಿಗೆಯಿಂದ ಮೈ ಸ್ವಲ್ಪ ದಪ್ಪ, ಕೂದಲು ತೆಳ್ಳಗೆ, ನಡಿಗೆ ನಿಧಾನ. ಏನು ಹೇಳಿದರೂ "ಇರ್ಲಿ ಬಿಡಿ" ಅನ್ನುವಳು. ಸೀರೆಯ ಮೇಲೆ ಸಾರು ಚೆಲ್ಲಿದರೂ ಇರ್ಲಿ, ಉಂಗುರ ಕಳೆದುಹೋದರೂ ಇರ್ಲಿ. ನಿತೇಶನ ಗೆಳೆಯರು ಈ ಅತ್ತಿಗೆಗೆ 'ಇರ್ಲಿ ವಹಿನಿ' ಎಂದೇ ಹೆಸರಿಟ್ಟಿದ್ದರು.

ಲಲಿತಾ ಅವಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡಳು, ಅದು ಸುಳ್ಳಲ್ಲ. ಒಲೆ ಹಚ್ಚಲು ಬಿಡಲಿಲ್ಲ, ಬಾವಿಯಿಂದ ನೀರು ಸೇದಲು ಬಿಡಲಿಲ್ಲ, ಈಳಿಗೆ ಮಣೆಯ ಮೇಲೆ ಕೂರಲು ಬಿಡಲಿಲ್ಲ. ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾದೀತೆಂದು ನಿತೇಶನ ಕೈಯಿಂದ ಬಚ್ಚಲಿನ ಚಿಲಕ ತೆಗೆಸಿ ಹಾಕಿದಳು. ಒಂದು ಶ್ರಾವಣದಲ್ಲಿ ಉಪವಾಸವಿದ್ದು ಗುಳಿಗೆ ತಪ್ಪಿಸಿ ದೀಕ್ಷಾ ಅಂಗಳದಲ್ಲಿ ಬಿದ್ದಾಗ, ಲಲಿತಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಂದ ಬಂದ ನೊರೆಯನ್ನು ತನ್ನ ಸೆರಗಿನಿಂದಲೇ ಒರೆಸಿದ್ದಳು. ಕಾಲನಿಯ ಹೆಂಗಸರೆಲ್ಲ ನೋಡಿದರು. ಇಂಥ ಅತ್ತೆ ಎಲ್ಲಿ ಸಿಗ್ತಾಳೆ ಎಂದರು. ಸೊಸೆಯೂ ಸುಖವಾಗಿದ್ದಾಳೆ ಎನ್ನುವುದಕ್ಕೆ ದಿನವೂ ಸಾಕ್ಷಿ ಸಿಗುತ್ತಿತ್ತು. ಮೀಯಲು ಹೋದಳೆಂದರೆ ಬಚ್ಚಲಿನಿಂದ ಅವಳ ಹಾಡು ರಸ್ತೆಯವರೆಗೆ ಕೇಳುತ್ತಿತ್ತು.

ಮಗು ಬೇಕೆಂದು ಮೊದಲು ಹೇಳಿದವಳು ದೀಕ್ಷಾಳೇ. ಲಲಿತಾ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳುವುದಕ್ಕೆ ಅವಳಿಗೆ ಭಯ.

ಹುಬ್ಬಳ್ಳಿಯ ನರರೋಗದ ಡಾಕ್ಟರು ತಿಂಗಳಿಗೊಮ್ಮೆ ಕಾರವಾರಕ್ಕೆ ಬರುತ್ತಿದ್ದರು. ಆ ದಿವಸ ಗಂಡಹೆಂಡಿರು ಸುಗಂಧಕ್ಕನ ಮನೆಯಲ್ಲೇ ಇಳಿದು ಗಂಜಿ ಕುಡಿದು ಹೋಗುವ ರೂಢಿ. ಮಗ ಸಂಕೇತನೂ ಅವನ ಹೆಂಡತಿಯೂ ಕೆಲಸಕ್ಕೆ ಹೋದ ಮೇಲೆ ಸುಗಂಧಕ್ಕನಿಗೂ ಮಾತಿಗೆ ಜನ ಬೇಕು. ಆ ಸಲ ದೀಕ್ಷಾ ಅವಳ ಕೈ ಹಿಡಿದು, "ಮಾವ್ಶಿ, ಇವತ್ತು ನೀವೂ ಬನ್ನಿ. ಮಗು ವಿಷ್ಯ ಕೇಳೂಕದೆ. ಇವ್ರು ಡಾಕ್ಟ್ರ ಎದ್ರು ಮಾತೇ ಆಡೂದಿಲ್ಲ" ಎಂದಳು. ನಿತೇಶ ಹೇಳುವ ಹಾಗೆ ಅವಳೂ ಮಾವ್ಶಿ ಎಂದೇ ಕರೆಯುತ್ತಿದ್ದಳು.

ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ನೋಡಿದರು. "ಈ ಗುಳಿಗಿ ನಿಮಗ ಚಲೋನ ಅದ. ಆದ್ರ ಹೊಟ್ಟ್ಯಾಗಿನ ಕೂಸಿಗೆ ಚಲೋ ಅಲ್ಲ. ಕೂಸಿನ ಬೆನ್ನು, ಬುದ್ಧಿ, ಎರಡಕ್ಕೂ ತೊಂದ್ರಿ ಆಗಬಹುದು. ಮೊದಲ ಗುಳಿಗಿ ಬದಲಿ ಮಾಡೋಣ. ಕೂಸು ಆಮ್ಯಾಲೆ. ಅಲ್ಲೀತನಕ ತಡೀರಿ."

ಒಮ್ಮೆಲೇ ಬದಲಿಸುವ ಹಾಗಿಲ್ಲವಂತೆ. ಹೊಸದನ್ನು ಮೆಲ್ಲಗೆ ಏರಿಸಬೇಕು, ಅದು ನೆಲೆನಿಂತ ಮೇಲೆ ಹಳೆಯದನ್ನು ಮೆಲ್ಲಗೆ ಇಳಿಸಬೇಕು. ನಡುವೆ ಒಂದೆರಡು ಸಲ ಬಂದರೂ ಬರಬಹುದು, ಹೆದರಬೇಡಿ ಎಂದರು. ಜತೆಗೊಂದು ಸಣ್ಣ ಹಳದಿ ವಿಟಮಿನ್ ಗುಳಿಗೆಯನ್ನೂ ಬರೆದರು. ಎದ್ದು ಹೊರಟವರನ್ನು ಮತ್ತೆ ಕೂರಿಸಿದರು.

"ಇನ್ನೊಂದ ಮಾತು. ಈ ಹೊಸಾ ಗುಳಿಗಿ ಕೆಲವರಿಗೆ ಸಿಟ್ಟು ತರತದ. ಹಂಗೇನರ ಆದ್ರ ನನಗ ಫೋನ್ ಮಾಡ್ರಿ. ನೀವ ನಿಮ್ಮಷ್ಟಕ್ಕ ಬಿಡಬ್ಯಾಡ್ರಿ."

ನಿತೇಶ ಮೊದಲ ಸಲ ಡಾಕ್ಟರ ಎದುರು ಬಾಯಿ ತೆರೆದ. "ಇವ್ಳಿಗಾ ಡಾಕ್ಟ್ರೇ? ಇವ್ಳ ಕಾಲಿನ ಮೇಲೆ ಲಾರಿ ಹೋದ್ರೂ ಇರ್ಲಿ ಬಿಡಿ ಅಂತಾಳೆ."

"ಸಿಟ್ಟು ಬಂದ್ರೆ ಹೇಂಗಿರ್ತದೆ ಅಂತಾದ್ರೂ ಒಮ್ಮೆ ಗೊತ್ತಾಗ್ಲಿ" ಎಂದು ದೀಕ್ಷಾ ನಕ್ಕಳು. ಡಾಕ್ಟರೂ ನಕ್ಕರು. ದಾರಿಯಲ್ಲಿ ಆಟೋದಲ್ಲೂ ಅದೇ ನಗು. ತೋಡೂರಿಗೆ ಮುಟ್ಟುವಷ್ಟರಲ್ಲಿ ಆ ಮಾತು ನಗೆಯಾಗಿಯೇ ಉಳಿಯಿತು. ಲಲಿತಾಳ ಕಿವಿಗೆ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೊಸ ಗುಳಿಗೆ ಏರಿತು, ಹಳೆಯದು ಇಳಿಯಿತು. ಬಟ್ಟೆ ಮಡಚುತ್ತಿದ್ದಾಗ ಒಮ್ಮೆ ದೀಕ್ಷಾಳ ಕೈ ಜಗ್ಗಿ, ಕಣ್ಣು ಮೇಲಾಗಿ, ಗೋಡೆಗೆ ಒರಗಿ ಕುಸಿದಳು. ಲಲಿತಾ ಹೆದರಲಿಲ್ಲ. ಮಗ್ಗುಲಾಗಿ ಮಲಗಿಸಿ, ಎಚ್ಚರಾಗುವವರೆಗೆ ಬೆನ್ನು ಸವರುತ್ತ ಕೂತಳು. ಅದಾದ ಮೇಲೆ ಮತ್ತೆ ಬರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಗುಲಾಬಿ ಗುಳಿಗೆ ಪೂರಾ ನಿಂತಿತು. ದೀಕ್ಷಾಳ ಮೈ ಇಳಿಯಿತು, ಹಣೆಯ ಮೇಲೆ ಪುಟ್ಟ ಪುಟ್ಟ ಹೊಸ ಕೂದಲು ಬಂದವು. ಕಣ್ಣಿಗೆ ಅಂಟಿದ್ದ ನಿದ್ದೆ ಹೋದ ಹಾಗಾಯಿತು. ಇನ್ನು ಕೆಲವು ತಿಂಗಳು ಹೀಗೇ ಕಳೆದರೆ ಮಗುವಿಗೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದರು. ಆ ದಿನ ದೀಕ್ಷಾ ಸುಗಂಧಕ್ಕನ ಕಪಾಟು ತೆಗೆಸಿ, ಹಳೆಯ ಮೆತ್ತನೆಯ ಸೀರೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ಇದು ನಂಗೆ ಬೇಕು ಮಾವ್ಶಿ, ದುಪ್ಪಟಿ ಹೊಲಿಯೂಕೆ. ಯಾರಿಗೂ ಕೊಡ್ಬೇಡಿ."

ಸಿಟ್ಟು ಶುರುವಾದದ್ದು ಸಣ್ಣ ಸಣ್ಣದರಿಂದ. ಟೀವಿಯ ಸದ್ದು ಜಾಸ್ತಿ ಎಂದು ರಿಮೋಟು ಎಸೆದಳು. ನಿತೇಶ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕಿದ್ದಕ್ಕೆ ನಡುಮನೆಯಲ್ಲಿ ನಿಂತು ಕೂಗಿದಳು. ಕೂಗಿದ ಮೇಲೆ ಅಳುತ್ತಿದ್ದಳು, ಅತ್ತ ಮೇಲೆ ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದಳು. ಲಲಿತಾ ಫೋನಿನಲ್ಲಿ, "ಎಂತದೋ ಆಗ್ಯದೆ ಅಕ್ಕಾ ಅವ್ಳಿಗೆ. ಮೋರೆ ನೋಡಿದ್ರೆ ನಮ್ಮ ದೀಕ್ಷಾ ಅಲ್ಲ" ಎಂದಳು. ಡಾಕ್ಟರು ಹೇಳಿದ್ದು ಸುಗಂಧಕ್ಕನಿಗೆ ಆಗ ನೆನಪಾಯಿತು. ಹೇಳಿದಳು ಕೂಡ. "ಸಿಟ್ಟು ತರೂ ಗುಳಿಗೆ ಯಾರಾದ್ರೂ ಕೊಡ್ತಾರೇ?" ಎಂದು ಲಲಿತಾ ನಂಬಲೇ ಇಲ್ಲ.

ಚೌತಿಗೆ ಸುಗಂಧಕ್ಕ ತೋಡೂರಿಗೆ ಹೋದಳು. ಹಬ್ಬದ ಹಿಂದಿನ ದಿನ ಅಡುಗೆಮನೆಯ ತುಂಬ ಹೆಂಗಸರು. ನಡುವೆ ಹಿಟ್ಟಿನ ಪರಾತ, ಕಾಯಿ-ಬೆಲ್ಲದ ಹೂರಣ. ನೇವರಿ ತಟ್ಟುವವರು, ತುಂಬುವವರು, ಅಂಚು ಮಡಚುವವರು. ಹರಟೆಗೆ ಕೊನೆಯಿಲ್ಲ. ಒಲೆಯ ಮೇಲೆ ಎಣ್ಣೆ ಕಾದಿತ್ತು. ಕರಿಯುತ್ತಿದ್ದವಳು ಯಾರೋ ಕರೆದರೆಂದು ಎದ್ದು ಹೋದಾಗ, ದೀಕ್ಷಾ ಹೋಗಿ ತೂತಿನ ಸೌಟು ಕೈಗೆತ್ತಿಕೊಂಡಳು.

ಲಲಿತಾ ಕೂತಲ್ಲಿಂದ ಹಾರಿದಳು. "ಏ, ಏ! ಬೇಡ ಬೇಡ! ನೀ ಇಲ್ಲಿ ಬಾ ಮಗಾ, ನೀ ಎಣ್ಣೆ ಹತ್ರ ಹೋಗೂದೇ?" ಎಂದು ಸೌಟನ್ನು ಕೈಯಿಂದ ತೆಗೆದುಕೊಂಡು, ಬಂದವರ ಕಡೆ ತಿರುಗಿ, "ನಂಗೆ ಇವ್ಳನ್ನ ಕಾಯೂದೇ ಒಂದು ಕೆಲ್ಸ" ಎಂದು ನಕ್ಕಳು. ಹೆಂಗಸರೂ ನಕ್ಕರು.

"ಕೊಡಿ ಇಲ್ಲಿ" ಎಂದಳು ದೀಕ್ಷಾ. ಆ ಸ್ವರ ಕೇಳಿಯೇ ಸುಗಂಧಕ್ಕನ ಕೈಯಲ್ಲಿದ್ದ ನೇವರಿ ನಿಂತಿತು.

"ಬೇಡ ಮಗಾ..."

"ಕೊಡಿ ಅಂದೆ! ನಾ ಈ ಮನೆಗೆ ಬಂದಾಗಿಂದ ಒಂದು ದಿವ್ಸ ಒಲೆ ಹಚ್ಚೂಕೆ ಬಿಟ್ಟೀರೆ? ಬಂದವ್ರ ಸಂಗ್ತಿಗೆ ಕೂತು ಉಂಬೂಕೆ ನಾ ಎಂತಾ ನೆಂಟ್ರವ್ಳೇ? ಬಚ್ಚಲಿನ ಚಿಲಕ ಕಿತ್ರಲ್ಲ, ನಾ ಒಳಗೆ ಎಂತಕ್ಕೆ ಹಾಡ್ತೆ ಗೊತ್ತೇ ನಿಮ್ಗೆ? ಖುಷಿಗಲ್ಲ! ಯಾರೂ ಬಾಗ್ಲು ತಳ್ಳಬಾರ್ದು ಅಂತ! ಮೀಯೂಕೆ ಕೂತಾಗೆಲ್ಲ ಗಂಟ್ಲು ಹರ್ಕೊಂಬೂದು ನಾನು, ಸುಖವಾಗಿದ್ದಾಳೆ ಅಂತ ಊರಿಗೆ ಹೇಳೂದು ನೀವು!"

ಎಣ್ಣೆಯಲ್ಲಿ ನೇವರಿ ಕಪ್ಪಾಗುತ್ತಿತ್ತು.

"ನನ್ನ ಎತ್ತಿ ಎತ್ತಿ ನಿಮ್ಗೆ ಒಳ್ಳೆ ಹೆಸ್ರು ಬಂತು ಅತ್ತೆ. ನಂಗೆ ಎಂತಾ ಬಂತು?"

ಹಾಗೆಂದು ಕರಿದಿಟ್ಟ ನೇವರಿಯ ಹರಿವಾಣವನ್ನು ನೆಲಕ್ಕೆ ಅಪ್ಪಳಿಸಿದಳು. ದೇವರಿಗೆಂದು ಮಡಿಯಲ್ಲಿ ಮಾಡಿದ್ದು. ನೆಲದ ಮೇಲೆಲ್ಲ ಹೂರಣ.

ದೀಕ್ಷಾ ಬಿದ್ದಾಗ ಎತ್ತುವುದು ಆ ಮನೆಯವರಿಗೆ ಗೊತ್ತಿತ್ತು. ಬೈದು ನಿಂತವಳನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಲಲಿತಾ ಕುಕ್ಕರಗಾಲಲ್ಲಿ ಕೂತು ನೆಲ ಬಳಿಯತೊಡಗಿದಳು. ಅವಳ ಕೆನ್ನೆಯಿಂದ ನೀರು ಇಳಿದು ಆ ಹೂರಣದ ಮೇಲೇ ಬೀಳುತ್ತಿತ್ತು. ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಇದು ರೋಗ ಅಲ್ಲ, ಏನೋ ಮೈಮೇಲೆ ಬಂದದೆ ಎಂದು. ಸುಗಂಧಕ್ಕ ದೀಕ್ಷಾಳ ತೋಳು ಹಿಡಿದು ಕೋಣೆಗೆ ಕರೆದೊಯ್ದಳು. ಆ ತೋಳು ಜ್ವರ ಬಂದವರ ಹಾಗೆ ಬಿಸಿಯಾಗಿತ್ತು. ಸುಗಂಧಕ್ಕನ ಮನಸ್ಸಿನಲ್ಲಿ ಕೊರೆಯುತ್ತಿದ್ದುದು ಹರಿವಾಣದ ವಿಷಯವಲ್ಲ, ಹಾಡಿನದು. ಎಷ್ಟು ಸಲ ಆ ಹಾಡು ಕೇಳಿ ತಾನೂ ತಲೆದೂಗಿದ್ದಳು!

ಗಣಪತಿಯನ್ನು ನೀರಿಗೆ ಬಿಟ್ಟ ಮಾರನೇ ಬೆಳಿಗ್ಗೆ ಲಲಿತಾ ಗುಡಿಗೆ ಹೊರಟಳು. ನಿತೇಶ ಡಾಕ್ಟರಿಗೆ ಫೋನು ಮಾಡಿದ್ದ. ಎತ್ತಿದ ಹುಡುಗ ಸರ್ ಪೇಶೆಂಟ್ ನೋಡ್ತಿದ್ದಾರೆ, ಸಂಜೆ ಮಾಡಿ ಎಂದಿದ್ದ.

"ಸಂಜೆವರೆಗೆ ತಡ್ಕ ಲಲಿತೇ" ಎಂದಳು ಸುಗಂಧಕ್ಕ. "ಡಾಕ್ಟ್ರು ಎಂತ ಹೇಳ್ತಾರೆ ಕೇಳ್ವ."

"ದೇವಿಗಿಂತ ದೊಡ್ಡ ಡಾಕ್ಟ್ರೇ? ಅವ್ಳನ್ನ ಮನೆ ತುಂಬ್ಸಿದ್ದು ದೇವಿ. ಅವ್ಳ ವಿಷ್ಯ ದೇವಿನೇ ಹೇಳ್ಲಿ."

ಗುನಗ ಎಸಳು ಅಂಟಿಸಿದ. "ತಾಯೀ, ಹೊಸ ಔಷಧ ಬಂದಾಗಿಂದ ಈ ಮನೆಗೆ ನೆಮ್ಮದಿ ಇಲ್ಲ. ಅದನ್ನ ಬಿಡೂದು ಹೌದಾದ್ರೆ ಬಲಕ್ಕೆ ಕೊಡು, ಅಲ್ಲಾದ್ರೆ ಎಡಕ್ಕೆ ಕೊಡು." ದೇವಿ ಆ ದಿನ ಅವಸರ ಮಾಡಲಿಲ್ಲ. ದೀಪ ಒಮ್ಮೆ ಸಣ್ಣಗಾಗಿ ಮತ್ತೆ ಎದ್ದಿತು. ಲಲಿತಾ ಕೈಮುಗಿದುಕೊಂಡು ತುಟಿ ಕಚ್ಚಿ ನಿಂತಿದ್ದಳು. ಬಲಗಡೆಯ ಎಸಳು ಜಾರಿತು, ಅರ್ಧದಲ್ಲಿ ನಿಂತಿತು, ಮತ್ತೆ ಜಾರಿ ಪೀಠದ ಮೇಲೆ ಬಿತ್ತು.

ಬಿಡಬೇಕೇ ಎಂದು ಕೇಳಿದರು. ಬಿಟ್ಟು ಯಾವುದನ್ನು ತೆಗೆದುಕೊಳ್ಳಬೇಕೆಂದು ಕೇಳಲಿಲ್ಲ. ಹಳೆಯ ಗುಳಿಗೆ ಮಳೆಗಾಲಕ್ಕೇ ಮುಗಿದಿತ್ತು. ಅದು ಅಲ್ಲಿದ್ದ ಯಾರಿಗೂ, ಸುಗಂಧಕ್ಕನಿಗೂ, ಆ ಕ್ಷಣದಲ್ಲಿ ತಲೆಗೇ ಬರಲಿಲ್ಲ. ಸಂಜೆ ನಿತೇಶ ಫೋನು ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ಅತ್ತಿತ್ತ ತಿರುಗಿದ. ಡಾಕ್ಟರು ಬೇರೆಯೇ ಹೇಳಿಬಿಟ್ಟರೆ ತಾಯಿಗೆ ಏನು ಹೇಳುವುದೆಂದು ಯೋಚಿಸಿ ಕಿಸೆಗೆ ಹಾಕಿಕೊಂಡ. ದೀಕ್ಷಾಳನ್ನೂ ಯಾರೂ ಬಲವಂತ ಮಾಡಬೇಕಾಗಲಿಲ್ಲ. "ಇರ್ಲಿ ಮಾವ್ಶಿ" ಎಂದಳು. "ನಂಗೂ ನನ್ನ ಬಾಯಿ ಕಂಡ್ರೆ ಹೆದ್ರಿಕೆ ಆಗ್ತದೆ."

ಸುಗಂಧಕ್ಕ ಹಬ್ಬುವಾಡಕ್ಕೆ ಮರಳಿದ ವಾರದೊಳಗೇ ಲಲಿತಾಳ ಫೋನು ಬಂತು. ಈ ಸಲ ಒಮ್ಮೆ ಮಾತ್ರ ಬಡಿಯಿತು. ಆ ಕಡೆಯಿಂದ ಮಾತಿಲ್ಲ, ಬರೀ ಅಳು. ಹಿಂದಿನಿಂದ ಅಂಬುಲೆನ್ಸಿನ ಸದ್ದು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಿದ್ದಳಂತೆ. ಕೈಕಾಲು ಬಡಿಯುವುದು ನಿಂತು, ಎಚ್ಚರವಾಗುವ ಮೊದಲೇ ಮತ್ತೊಂದು ಬಂತು. ಅದು ನಿಲ್ಲುವಷ್ಟರಲ್ಲಿ ಇನ್ನೊಂದು. ಕಾರವಾರದ ಆಸ್ಪತ್ರೆಗೆ ತರುವ ದಾರಿಯಲ್ಲೂ ಬರುತ್ತಲೇ ಇತ್ತು. ಸುಗಂಧಕ್ಕ ಹೋಗಿ ನೋಡಿದ್ದು ಮೂಗಿಗೆ ನಳಿಗೆ ಹಾಕಿ, ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದ ದೀಕ್ಷಾಳನ್ನು. ನಾಲಗೆ ಕಚ್ಚಿ ಹೋಗಿತ್ತು, ಹುಬ್ಬಿನ ಮೇಲೆ ಕಲ್ಲು ಬಡಿದ ಗಾಯ.

ಅಲ್ಲಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ಹುಡುಗಿ. "ಗುಳಿಗೆ ಯಾರು ನಿಲ್ಲಿಸಿದ್ದು?" ಎಂದು ಕೇಳಿದಳು.

ಲಲಿತಾ ನೆಲ ನೋಡಿದಳು. ನಿತೇಶ ಕಿಟಕಿ ನೋಡಿದ. "ನಾವೇ, ಎಲ್ಲ ಸೇರಿ" ಎಂದಳು ಸುಗಂಧಕ್ಕ.

"ಸತ್ತೇ ಹೋಗ್ತಿದ್ರಲ್ಲ ಅಮ್ಮಾ!"

ಹುಬ್ಬಳ್ಳಿಯ ಡಾಕ್ಟರನ್ನು ಫೋನಿನಲ್ಲಿ ಕೇಳಿ, ಗುಲಾಬಿ ಗುಳಿಗೆಯನ್ನೇ ಮತ್ತೆ ಶುರುಮಾಡಿದರು. ಫಿಟ್ಸು ನಿಂತಿತು. ಆಸ್ಪತ್ರೆಯಿಂದ ಬಿಟ್ಟಾಗ ಎಲ್ಲಿಗೆ ಹೋಗುವುದೆಂಬ ಮಾತು ಬಂತು. ಲಲಿತಾ ಬಾ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಸೆರಗಿನ ತುದಿ ಸುತ್ತುತ್ತ ನಿಂತಳು. "ಹಬ್ಬುವಾಡ ಹತ್ರ ಅಲ್ದೆ? ಚೂರು ದಿವ್ಸ ನಮ್ಮನೇಲೇ ಇರ್ಲಿ" ಎಂದು ಸುಗಂಧಕ್ಕ ಆಟೋ ಕರೆಸಿದಳು.

ದೀಕ್ಷಾ ಮತ್ತೆ ನಿಧಾನವಾದಳು. ಕಣ್ಣಿಗೆ ಹಳೆಯ ನಿದ್ದೆ ಬಂದು ಕೂತಿತು. ಮೊದಲ ದಿನ ಮೀಯಲು ಹೋಗುವಾಗ ಬಚ್ಚಲಿನ ಬಾಗಿಲಲ್ಲಿ ನಿಂತು ಚಿಲಕವನ್ನೇ ನೋಡಿದಳು.

"ಅದನ್ನ ಹಾಕ್ಬೇಡ ಮಗಾ" ಎಂದಳು ಸುಗಂಧಕ್ಕ. "ನಾ ಹೊರಗೆ ಬಾಗ್ಲಿಗೆ ಬೆನ್ನು ಕೊಟ್ಟು ಕೂತ್ಕಂತೆ. ನನ್ನ ದಾಟಿ ಯಾರು ಬರ್ತಾರೆ ನೋಡ್ವ."

ಮಣೆ ಹಾಕಿಕೊಂಡು ಕೂತಳು. ಒಳಗೆ ತಂಬಿಗೆಯ ಸದ್ದು, ನೀರಿನ ಸದ್ದು. ಬೇರೇನೂ ಇಲ್ಲ. ಆ ಹುಡುಗಿ ಅಷ್ಟು ಹೊತ್ತು ಸುಮ್ಮನೆ ಮಿಂದದ್ದು ಮದುವೆಯಾದ ಮೇಲೆ ಅದೇ ಮೊದಲು.

ಡಾಕ್ಟರು ಕಾರವಾರಕ್ಕೆ ಬಂದ ದಿನ ಮತ್ತೆ ಮೂವರೂ ಹೋದರು. ಅವರು ಬೈಯಲಿಲ್ಲ, ಅದರಿಂದಲೇ ನಿತೇಶನಿಗೆ ಹೆಚ್ಚು ನೋವಾಯಿತು. "ಇನ್ನೊಂದು ಗುಳಿಗಿ ಅದ. ಅದು ಸಿಟ್ಟು ತರೂದು ಕಡಿಮಿ, ಕೂಸಿಗೂ ಇದಕ್ಕಿಂತ ಚಲೋ. ಆದ್ರ ಭಾಳ ಭಾಳ ಸಾವಕಾಶ ಏರಸಬೇಕು. ತಿಂಗಳಗಟ್ಟಲೆ ಹಿಡೀತದ. ಮೈಮ್ಯಾಲೆ ಗಂದಿ ಎದ್ದರ ಆವತ್ತ ನನಗ ಹೇಳಬೇಕು. ಮನ್ಯಾಗಿನವರ ಒಪ್ಪಿಗಿ ಬೇಕು, ತಾಳ್ಮಿ ಬೇಕು. ವಿಚಾರ ಮಾಡ್ರಿ."

ವಿಚಾರ ಮಾಡುವುದಕ್ಕೆ ಮೊದಲು ಮನೆಯೇ ಸರಿಯಾಗಬೇಕೆಂದು ಸುಗಂಧಕ್ಕನಿಗೆ ಅನಿಸಿತು. ಒಬ್ಬಳೇ ಬಸ್ಸು ಹತ್ತಿ ತೋಡೂರಿಗೆ ಹೋದಳು. ಲಲಿತಾ ಅಕ್ಕನ ಎದುರು ಕೂತು ಮೊದಲ ಸಲ ಬಾಯಿಬಿಟ್ಟಳು.

"ಅವ್ಳು ಬಿದ್ದದ್ದಕ್ಕೆ ನಾ ಯಾವತ್ತಾದ್ರೂ ಬೇಜಾರು ಮಾಡ್ಕಂಡೆನೆ ಅಕ್ಕಾ? ಹೆಸ್ರಿಗಾಗಿ ಎತ್ತಿದೆ ಅಂದ್ಳಲ್ಲ, ಅಷ್ಟು ಜನ್ರ ಎದ್ರು. ಆ ಮಾತು ನನ್ನ ಹೊಟ್ಟೇಲಿ ಕೂತದೆ."

"ಲಲಿತೇ, ಅದು ಅವ್ಳು ಆಡಿದ ಮಾತಲ್ಲ. ಗುಳಿಗೆ ಆಡಿದ ಮಾತು. ಡಾಕ್ಟ್ರೇ ಹೇಳಿದ್ರು, ನಾ ನನ್ನ ಕಿವಿಯಾರೆ ಕೇಳಿದ್ದೆ."

ಲಲಿತಾ ಅಕ್ಕನ ಮುಖ ನೋಡಿದಳು. "ಖರೇ?"

"ಖರೇ."

ಆ ಒಂದು ಮಾತಿಗೆ ಲಲಿತಾ ಸಡಿಲವಾದಳು. ಮುಂದಿನ ಭಾನುವಾರ ಡಬ್ಬಿಯಲ್ಲಿ ಮೀನಿನ ಸಾರು ಹಾಕಿಕೊಂಡು ಹಬ್ಬುವಾಡಕ್ಕೆ ಬಂದಳು. ಸೊಸೆಯ ಹುಬ್ಬಿನ ಗಾಯ ಮುಟ್ಟಿ ನೋಡಿ ಅತ್ತಳು. "ಆದದ್ದು ಆಗೋಯ್ತು. ಅದು ನೀನಲ್ಲ ಮಗಾ, ಆ ಹಾಳು ಗುಳಿಗೆ. ನಾ ಎಲ್ಲ ಮರ್ತೆ. ಇನ್ನು ಯಾವ ಹೊಸ ಗುಳಿಗೆನೂ ನನ್ನ ಹೊಸ್ತಿಲು ದಾಟೂದು ಬೇಡ. ಮಗು ಇಲ್ದಿದ್ರೆ ಇಲ್ಲ. ನೀ ಮೊದ್ಲಿನ ಹಂಗೆ ಇದ್ರೆ ಸಾಕು."

ದೀಕ್ಷಾ ತಲೆ ತಗ್ಗಿಸಿ ಕೂತಿದ್ದಳು. ಇರ್ಲಿ ಬಿಡಿ ಎನ್ನುತ್ತಾಳೆಂದು ಸುಗಂಧಕ್ಕ ಕಾದಳು. ಅನ್ನಲಿಲ್ಲ. ಊಟದ ಗಡಿಬಿಡಿಯಲ್ಲಿ ಅದು ಬೇರೆ ಯಾರ ಗಮನಕ್ಕೂ ಬರಲಿಲ್ಲ.

ಬಾಬು ಮಗಳನ್ನು ಸ್ವಲ್ಪ ದಿನ ಸುಂಕಸಾಳದಲ್ಲಿ ಇಟ್ಟುಕೊಳ್ಳುತ್ತೇನೆಂದು ಕರೆಯಲು ಬಂದ. ಸುಗಂಧಕ್ಕ ಚೀಲ ಹಿಡಿದು ಬಸ್ಸುನಿಲ್ದಾಣದವರೆಗೆ ಜತೆಗೆ ಹೋದಳು. ಅಂಕೋಲೆಯ ಬಸ್ಸು ಬಂದು ನಿಂತಿತ್ತು. ಬಾಬು ಸೀಟು ಹಿಡಿಯಲು ಮುಂದೆ ಹೋದ. ದೀಕ್ಷಾ ಹತ್ತಲಿಲ್ಲ.

"ಮಾವ್ಶಿ, ಗುಳಿಗೆ ಆಡಿದ ಮಾತು ಅಂತ ಅತ್ತೆಗೆ ಹೇಳಿದ್ದು ನೀವಂತೆ."

"ಹೌದು ಮಗಾ. ಹಂಗೆ ಹೇಳ್ದೆ ಇದ್ರೆ ಅವ್ಳು ಬರ್ತಿದ್ಳೇ?"

"ಕೂಗಿದ್ದು ಗುಳಿಗೆ, ಒಪ್ಪಿದೆ. ಹರಿವಾಣ ಒಗ್ದದ್ದೂ ಗುಳಿಗೆನೇ ಇರ್ಬೇಕು, ನಂಗೆ ಅಷ್ಟು ತಾಕತ್ತೆಲ್ಲಿ. ಆದ್ರೆ ಬಚ್ಚಲಿಗೆ ಚಿಲಕ ಇಲ್ಲ ಅಂತ ಗುಳಿಗೆಗೆ ಹೇಂಗೆ ಗೊತ್ತಾಯ್ತು ಮಾವ್ಶಿ?"

ಸುಗಂಧಕ್ಕ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು.

"ತಪ್ಪೆಲ್ಲ ಗುಳಿಗೆ ತಲೆಗೆ ಕಟ್ಟಿದ್ರೆ ಅತ್ತೆ ಇನ್ನು ಯಾವ ಗುಳಿಗೆನೂ ಒಳಗೆ ಬಿಡೂದಿಲ್ಲ. ಡಾಕ್ಟ್ರು ಹೇಳಿದ್ದು ನಂಗೆ ಬೇಕು. ಎಷ್ಟು ತಿಂಗ್ಳಾದ್ರೂ ಆಗ್ಲಿ. ನಂಗೆ ಮಗು ಬೇಕು ಮಾವ್ಶಿ."

"ಮಾತು ನಿಂದೇ ಅಂತ ಹೇಳಿದ್ರೆ ನಿನ್ನನ್ನೇ ಒಳಗೆ ಬಿಡ್ದೆ ಹೋದ್ರೆ?"

ಅದನ್ನು ದೀಕ್ಷಾ ಮೊದಲೇ ಯೋಚಿಸಿದ್ದಳೆಂದು ಮುಖದಲ್ಲೇ ಕಾಣುತ್ತಿತ್ತು. ಒಳಗಿನಿಂದ ಬಾಬು, "ಬಾ ಮಗಾ, ಬಸ್ಸು ಬಿಡ್ತದೆ" ಎಂದು ಕಿಟಕಿಯ ಸರಳು ಬಡಿದ. ಅವಳು ಸುಗಂಧಕ್ಕನ ಕೈಯಿಂದ ಚೀಲ ತೆಗೆದುಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನಾ ಹೇಳಿದ್ರೆ ಮತ್ತೆ ಸಿಟ್ಟು ಅಂತಾರೆ. ನೀವೇ ತೋಡೂರಿಗೆ ಹೋಗಿ ಹೇಳಿ. ಅದು ಗುಳಿಗೆ ಆಡಿದ ಮಾತಲ್ಲ, ದೀಕ್ಷಾ ಆಡಿದ ಮಾತು ಅಂತ. ದೇವಿ ಹತ್ರ ಕೇಳೂದಾದ್ರೆ ಕೇಳ್ಲಿ, ನಾ ಬೇಡ ಅಂಬೂದಿಲ್ಲ. ಹೂ ಅಂಟ್ಸೂಕಿಂತ ಮೊದ್ಲು ಒಂದೇ ಒಂದು ಸಲ ನನ್ನ ಹತ್ರ ಕೇಳ್ಲಿ. ಇಷ್ಟು ಹೇಳ್ತೀರಿ ಅಲ್ದೆ, ಮಾವ್ಶಿ?"